ಇಂಪ್ಯಾಕ್ಟ್ ಫ್ಯಾಕ್ಟರ್ ಎಲ್ಲಿ ನೋಡೋದು? ಲೈಬ್ರರಿ ಲಾಗಿನ್‌ನಲ್ಲೂ ಓಪನ್ ಆಗ್ತಿಲ್ಲ

ಪಿಜಿ_ಎರಡನೇವರ್ಷ
ಎಲ್ರಿಗೂ ನಮಸ್ಕಾರ. ಥೀಸಿಸ್‌ದು ಒಂದ್ ಪೇಪರ್ ರೆಡಿ ಇದೆ, ಗೈಡ್ ಹೇಳ್ತಿದಾರೆ ಕ್ಯೂ1 ಇಲ್ಲಾ ಕ್ಯೂ2 (ರ್‍ಯಾಂಕಿಂಗ್‌ನ ನಾಲ್ಕು ಭಾಗದಲ್ಲಿ ಮೇಲಿನ ಎರಡು) ಜರ್ನಲ್ಲೇ ಆಗ್ಬೇಕು, ಇಂಪ್ಯಾಕ್ಟ್ ಫ್ಯಾಕ್ಟರ್ ಬರ್ಕೊಂಡ್ ಬಾ ಅಂತ. ಲೈಬ್ರರೀಲಿ ವೆಬ್ ಆಫ್ ಸೈನ್ಸ್ (ಪೇಪರ್ ಹುಡ್ಕೋ ಡೇಟಾಬೇಸ್) ಓಪನ್ ಆಗತ್ತೆ, ಆದ್ರೆ ಜರ್ನಲ್ ಸೈಟೇಶನ್ ರಿಪೋರ್ಟ್ಸ್ (ಜೆಸಿಆರ್, ಇಂಪ್ಯಾಕ್ಟ್ ಫ್ಯಾಕ್ಟರ್ ಇರೋದು ಅದ್ರಲ್ಲೇ) ಒತ್ತಿದ್ರೆ ಸಬ್‌ಸ್ಕ್ರಿಪ್ಶನ್ ಇಲ್ಲ ಅನ್ನತ್ತೆ, ಮನೆಯಿಂದಂತೂ ಎರಡೂ ಬರಲ್ಲ. ಗೂಗಲ್ ಮಾಡಿದ್ರೆ ಒಂದೇ ಜರ್ನಲ್‌ಗೆ ಒಂದ್ ಕಡೆ 2.1, ಇನ್ನೊಂದ್ ಕಡೆ 3.4, ಜರ್ನಲ್ ಸೈಟಲ್ಲಿ ಮತ್ತೇನೋ. ಯಾವ್ದನ್ನ ನಂಬ್ಲಿ?

ಪುಸ್ತಕದ_ಕಪಾಟು
ನಾನು ಮೆಡಿಕಲ್ ಲೈಬ್ರರೀಲೇ ಕೆಲ್ಸ ಮಾಡೋದು, ವಾರಕ್ಕೆ ಒಬ್ರಾದ್ರೂ ಇದನ್ನೇ ಕೇಳ್ಕೊಂಡ್ ಬರ್ತಾರೆ. ವೆಬ್ ಆಫ್ ಸೈನ್ಸ್ ಬೇರೆ, ಜೆಸಿಆರ್ ಬೇರೆ. ಎರಡೂ ಕ್ಲಾರಿವೇಟ್ ಅನ್ನೋ ಕಂಪ್ನಿದೇ ಆದ್ರೂ ದುಡ್ಡು ಬೇರೆ ಬೇರೆ ಕಟ್ಬೇಕು, ಹಂಗಾಗಿ ಒಂದಿದ್ರೆ ಇನ್ನೊಂದು ಇರ್ಲೇಬೇಕು ಅಂತೇನಿಲ್ಲ. ಮನೆಯಿಂದ ಬರ್ದೇ ಇರೋದು ಐಪಿ ಅಡ್ರೆಸ್ ವಿಷ್ಯ, ಕ್ಯಾಂಪಸ್ ನೆಟ್‌ವರ್ಕ್ ಅಂತ ಗೊತ್ತಾದ್ರೆ ಮಾತ್ರ ಒಳಗ್ ಬಿಡತ್ತೆ, ನಿಮ್ ಲೈಬ್ರರೀಲಿ ರಿಮೋಟ್ ಆಕ್ಸೆಸ್ ಇದ್ಯಾ ಅಂತ ಕೇಳಿ, ತುಂಬ ಕಡೆ ಇರತ್ತೆ, ಯಾರೂ ಹೇಳಿರಲ್ಲ ಅಷ್ಟೇ.

ಇನ್ನು ನಂಬರ್ ವಿಷ್ಯ. ಇಂಪ್ಯಾಕ್ಟ್ ಫ್ಯಾಕ್ಟರ್ ಅಂದ್ರೆ ಹಿಂದಿನ ಎರಡು ವರ್ಷದ ಪೇಪರ್‌ಗಳಿಗೆ ಈ ವರ್ಷ ಸಿಕ್ಕ ಸೈಟೇಶನ್ (ಬೇರೆ ಪೇಪರ್‌ಗಳು ಉಲ್ಲೇಖಿಸಿದ್ದು) ಪೇಪರ್‌ಗೆ ಸರಾಸರಿ ಎಷ್ಟು ಅನ್ನೋ ಲೆಕ್ಕ. ವೆಬ್ ಆಫ್ ಸೈನ್ಸ್ ಥರದ್ದೇ ಇನ್ನೊಂದು ಡೇಟಾಬೇಸ್ ಸ್ಕೋಪಸ್, ಅವ್ರ ಸೈಟ್‌ಸ್ಕೋರ್ ನಾಲ್ಕು ವರ್ಷದ್ದು ತಗೊಳತ್ತೆ. ಲೆಕ್ಕಾನೇ ಬೇರೆ, ನಂಬರ್ ಹೆಂಗೆ ಒಂದೇ ಬರತ್ತೆ? ನೀವ್ ನೋಡಿದ್ದ್ರಲ್ಲಿ ಒಂದು ಅದಾಗಿರ್ಬಹುದು. ಜೆಸಿಆರ್ ಪ್ರತಿ ಜೂನ್‌ನಲ್ಲಿ ಬರತ್ತೆ, ಅದ್ರಲ್ಲಿರೋದು ಹಿಂದಿನ ವರ್ಷದ್ದು, ಆ ಗೊಂದ್ಲಾನೂ ಸೇರ್ಕೊಳತ್ತೆ.

ಫ್ರೀಯಾಗಿ ಬೇಕಂದ್ರೆ ಸ್ಕೋಪಸ್ ಸೋರ್ಸಸ್ ಪೇಜಲ್ಲಿ ಸೈಟ್‌ಸ್ಕೋರ್ ಸಿಗತ್ತೆ, ಸಿಮ್ಯಾಗೋ ಸೈಟಲ್ಲಿ ಕ್ವಾರ್ಟೈಲ್ (ಅದೇ ಕ್ಯೂ1, ಕ್ಯೂ2) ಸಿಗತ್ತೆ, ಲಾಗಿನ್ ಬೇಡ. ಆದ್ರೆ ಸಿಮ್ಯಾಗೋದ ಕ್ಯೂ1 ಜೆಸಿಆರ್‌ನಲ್ಲಿ ಕ್ಯೂ2 ಆಗಿರ್ಬಹುದು, ಒಂದೇ ಜರ್ನಲ್ ಎರಡು ಸಬ್ಜೆಕ್ಟ್ ಕೆಟಗರೀಲಿದ್ರೆ ಒಂದ್ರಲ್ಲಿ ಕ್ಯೂ1 ಇನ್ನೊಂದ್ರಲ್ಲಿ ಕ್ಯೂ3 ಕೂಡ ಆಗತ್ತೆ. ಗೈಡ್‌ಗೆ ಯಾವ್ದ್ರ ಕ್ಯೂ ಬೇಕು ಅಂತ ಮೊದ್ಲು ಕೇಳಿ.

ಸುಟ್ಟುಕೊಂಡವ
ಜರ್ನಲ್ ಸೈಟಲ್ಲಿ ಬರ್ದಿರೋದನ್ನ ಮಾತ್ರ ನಂಬ್ಬೇಡಿ ಗುರು. ನಾನ್ ನಂಬಿದ್ದೆ, ದೊಡ್ಡ ಅಕ್ಷರದಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರ್ ಅಂತ ಹಾಕಿದ್ರು, ದುಡ್ಡೂ ಕಟ್ಟಿದ್ಮೇಲೆ ಗೊತ್ತಾಯ್ತು ಅದು ಯಾವ್ದೋ ದುಡ್ಡು ತಗೊಂಡು ನಂಬರ್ ಕೊಡೋರ್ದು ಅಂತ. ಈಗ ಫಸ್ಟ್ ಕ್ಲಾರಿವೇಟ್‌ನ ಮಾಸ್ಟರ್ ಜರ್ನಲ್ ಲಿಸ್ಟ್ ನೋಡ್ತೀನಿ. ಅಲ್ಲಿ ಜರ್ನಲ್ ಅವ್ರ ಇಂಡೆಕ್ಸಲ್ಲಿ ಇದ್ಯಾ ಇಲ್ವಾ ಗೊತ್ತಾಗತ್ತೆ. ಲಿಸ್ಟಲ್ಲೇ ಇಲ್ಲ ಅಂದ್ರೆ ಅವ್ರು ಹಾಕಿರೋ ನಂಬರ್ ಎಲ್ಲಿಂದ ಬಂತು?

ಪಿಜಿ_ಎರಡನೇವರ್ಷ
ಪಬ್‌ಮೆಡ್‌ನಲ್ಲಿ (ಮೆಡಿಕಲ್ ಪೇಪರ್ ಹುಡ್ಕೋ ಫ್ರೀ ಸೈಟ್) ಜರ್ನಲ್ ಬಂದ್ರೆ ಸಾಕಲ್ವಾ?

ಪುಸ್ತಕದ_ಕಪಾಟು
ಸಾಲಲ್ಲ. ಪಬ್‌ಮೆಡ್‌ನಲ್ಲಿ ಕಾಣ್ಸೋದೆಲ್ಲ ಮೆಡ್‌ಲೈನ್ (ಜರ್ನಲ್‌ಗಳನ್ನ ಆರ್ಸಿ ಸೇರ್ಸೋ ಇಂಡೆಕ್ಸ್) ಅಲ್ಲ, ಪಬ್‌ಮೆಡ್ ಸೆಂಟ್ರಲ್‌ನಿಂದ (ಪೂರ್ತಿ ಪೇಪರ್ ಫ್ರೀಯಾಗಿ ಇಡೋ ಸಂಗ್ರಹ) ಬರೋದೂ ಅಲ್ಲೇ ಕಾಣತ್ತೆ. ಎನ್‌ಎಲ್‌ಎಂ (ಪಬ್‌ಮೆಡ್ ನಡ್ಸೋ ಅಮೆರಿಕದ ಮೆಡಿಕಲ್ ಲೈಬ್ರರಿ) ಕ್ಯಾಟಲಾಗ್‌ನಲ್ಲಿ ಜರ್ನಲ್ ಹೆಸ್ರು ಹಾಕಿ ಮೆಡ್‌ಲೈನ್‌ನಲ್ಲಿ ಈಗ್ಲೂ ಇಂಡೆಕ್ಸ್ ಆಗ್ತಿದ್ಯಾ ನೋಡಿ, ಅದೂ ಫ್ರೀ. ಮತ್ತೆ ಈಗ್ಲೂ ಅನ್ನೋದು ಮುಖ್ಯ, 2023ರಲ್ಲಿ ಐಜೆಇಆರ್‌ಪಿಎಚ್‌ನಂಥ (ಪರಿಸರ, ಸಾರ್ವಜನಿಕ ಆರೋಗ್ಯದ್ದು) ದೊಡ್ಡ ಜರ್ನಲ್ಲನ್ನೇ ವೆಬ್ ಆಫ್ ಸೈನ್ಸ್‌ನಿಂದ ತೆಗೆದ್ರು. ಸಬ್ಮಿಟ್ ಮಾಡೋ ದಿನ ಇನ್ನೊಂದ್ ಸಲ ಚೆಕ್ ಮಾಡಿ.

ಸ್ಟಾಟ್ಸ್_ತಲೆನೋವು
ಗೈಡ್‌ಗೆ ಇದನ್ನೂ ಹೇಳಿ ನೋಡಿ (ಮೂಡ್ ನೋಡ್ಕೊಂಡು): ಕ್ಯಾನ್ಸರ್‌ದು ಸಿಎ ಅಂತ ಜರ್ನಲ್, 2020ರ ಇಂಪ್ಯಾಕ್ಟ್ ಫ್ಯಾಕ್ಟರ್ 508. ಯಾಕೆ? ವರ್ಷವರ್ಷ ಬರೋ ಕ್ಯಾನ್ಸರ್ ಅಂಕಿಅಂಶದ ಪೇಪರ್‌ನ ಎಲ್ರೂ ಸೈಟ್ ಮಾಡ್ತಾರೆ. ಪಕ್ಕದ ಪೇಪರ್‌ಗೂ ಅದೇ 508ರ ಬೆಲೆ ಅಂತಲ್ಲ.

ಪಿಜಿ_ಎರಡನೇವರ್ಷ
ಅಪ್‌ಡೇಟ್: ಲೈಬ್ರರೀಲಿ ಕೇಳ್ದೆ, ರಿಮೋಟ್ ಲಾಗಿನ್ ಇತ್ತು, ಫಾರ್ಮ್ ಕೊಟ್ಟಿದೀನಿ. ಜೆಸಿಆರ್ ಮಾತ್ರ ಇಲ್ಲ. ಗೈಡ್ ಹತ್ರ ಕೇಳಿದ್ರೆ ಸಿಮ್ಯಾಗೋ ಕ್ಯೂ2 ಆದ್ರೂ ಓಕೆ ಅಂದ್ರು, ನಾನು ಸುಮ್ನೆ ನಾಲ್ಕು ದಿನ ತಲೆ ಕೆಡಿಸ್ಕೊಂಡೆ 😅 508 ಕಥೆ ಹೇಳೋ ಧೈರ್ಯ ಬರ್ಲಿಲ್ಲ.