ಕ್ರಾಸ್‌ವರ್ಡ್‌ನಲ್ಲಿ ಯಾವಾಗ್ಲೂ ಅದೇ ಮೂರ್ನಾಲ್ಕು ಅಕ್ಷರದ ಪದಗಳೇ ಯಾಕೆ ಬರ್ತವೆ?

ಖಾಲಿಚೌಕ:
ನಮಸ್ಕಾರ ಎಲ್ರಿಗೂ. ಕನ್ನಡ ಪದಬಂಧ ಮೊದಲಿಂದ್ಲೂ ಬಿಡಿಸ್ತೀನಿ, ಈಗ ಸ್ವಲ್ಪ ದಿನದಿಂದ ಮೊಬೈಲಲ್ಲಿ ಅಮೆರಿಕನ್ ಸ್ಟೈಲ್ ಇಂಗ್ಲಿಷ್ ಕ್ರಾಸ್‌ವರ್ಡ್ ಹಿಡ್ಕೊಂಡಿದೀನಿ. ಉದ್ದ ಪದಗಳು ಹೆಂಗೋ ಹೊಳೀತವೆ, ಜೀವ ತಿನ್ನೋದು ಈ ಚಿಕ್ಕವು. ಸೂಜಿ ಇಡೋ ಪುಟ್ಟ ಡಬ್ಬಿಗೆ ಎಟ್ವೀ ಅಂತೆ, ಸಮುದ್ರದ ಹದ್ದಿಗೆ ಅರ್ನ್ ಅಂತೆ, ಸ್ವಿಟ್ಜರ್ಲೆಂಡಿನ ನದಿ ಅಂದ್ರೆ ಆರೆ ಅಂತೆ, ಆಮೇಲೆ ಮೆಲ್ ಆಟ್, ಬಾಬಿ ಆರ್ ಅಂತ ಯಾರೋ ಆಟಗಾರರು, ಇವರೆಲ್ಲ ವಾರಕ್ಕೊಂದ್ಸಲ ಹಾಜರಿ ಹಾಕ್ತಾರೆ. ಇವನ್ನೆಲ್ಲ ಪಟ್ಟಿ ಮಾಡಿ ಬಾಯಿಪಾಠ ಹೊಡೀಬೇಕಾ, ಇಲ್ಲ ಬೇರೆ ದಾರಿ ಇದೆಯಾ?

ಅಡ್ಡಉದ್ದ:
ತಪ್ಪು ಆ ಗ್ರಿಡ್ಡಿಂದು ಸ್ವಾಮಿ. ಅಮೆರಿಕನ್ ಗ್ರಿಡ್‌ನಲ್ಲಿ ಪ್ರತಿ ಬಿಳಿ ಚೌಕನೂ ಅಡ್ಡಕ್ಕೂ ಸೇರಬೇಕು, ಉದ್ದಕ್ಕೂ ಸೇರಬೇಕು, ಮೂರಕ್ಕಿಂತ ಕಮ್ಮಿ ಅಕ್ಷರದ ಪದ ಇರೋ ಹಾಗಿಲ್ಲ, ಮೇಲಾಗಿ ಇಡೀ ಗ್ರಿಡ್ಡನ್ನ ತಲೆಕೆಳಗು ಮಾಡಿದ್ರೂ ಕಪ್ಪು ಚೌಕಗಳ ನಕ್ಷೆ ಹಾಗೇ ಕಾಣಬೇಕು. ಪಜಲ್ ಮಾಡೋರು ಮೊದಲು ಥೀಮ್‌ನ ಉದ್ದ ಪದಗಳನ್ನ ಕೂರಿಸಿಬಿಡ್ತಾರೆ, ಆಮೇಲೆ ಮೂಲೆಮೂಲೆಯಲ್ಲಿ ಉಳಿದಿರೋ ಸಂದುಗಳಿಗೆ ಏನಾದ್ರೂ ತುಂಬಲೇಬೇಕಲ್ಲ, ಆಗ ಕೈಗೆ ಸಿಗೋದು ಸ್ವರ ಜಾಸ್ತಿ ಇರೋ ಪದಗಳು. ಏರಿಯಾ, ಅಲೋ, ಓಬೋ, ಈರಿ ಇವನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆದು ನೋಡಿ (AREA, ALOE, OBOE, ERIE), ನಾಲ್ಕರಲ್ಲಿ ಮೂರು ಸ್ವರ, ಉಳಿದ ಒಂದು ಆರ್, ಎಲ್, ಬಿ ತರದ್ದು, ಯಾವುದರ ಜೊತೆಗೂ ಹೊಂದ್ಕೊಂಡು ಹೋಗುತ್ತೆ.

ಓರಿಯೋನೇ ತಗೊಳ್ಳಿ. ಆ ಬಿಸ್ಕತ್ತು ಬಂದಿದ್ದು 1912ರಲ್ಲಿ, ಕ್ರಾಸ್‌ವರ್ಡ್ ಶುರುವಾಗಿದ್ದು 1913ರ ಡಿಸೆಂಬರ್ 21ಕ್ಕೆ, ನ್ಯೂಯಾರ್ಕ್ ವರ್ಲ್ಡ್ ಪತ್ರಿಕೇಲಿ, ಆರ್ಥರ್ ವಿನ್ ಮಾಡಿದ್ದು. ಹೆಚ್ಚುಕಮ್ಮಿ ಓರಗೆಯವು. ಆದ್ರೂ ಹಳೇ ಪಜಲ್‌ಗಳಲ್ಲಿ ಓರಿಯೋಗೆ ಬಿಸ್ಕತ್ತಿನ ಸುಳಿವು ಕೊಡ್ತಿರಲಿಲ್ಲ, ಬೆಟ್ಟ ಅನ್ನೋ ಅರ್ಥದ ಗ್ರೀಕ್ ಉಪಸರ್ಗ ಅಂತ ಕೊಡೋರು! ಬ್ರ್ಯಾಂಡ್ ಹೆಸರು ಹಾಕೋಕೆ ಮುಜುಗರ, ಆದ್ರೆ ಆ ನಾಲ್ಕಕ್ಷರ ಬಿಡೋಕೂ ಮನಸಿಲ್ಲ.

ಪೆನ್ಸಿಲ್_ರಬ್ಬರ್:
ಪಟ್ಟಿ ಬಾಯಿಪಾಠ ಬೇಡ, ಒಂದಷ್ಟು ಬಿಡಿಸಿದ್ರೆ ತಾನಾಗೇ ನಾಲಿಗೆ ಮೇಲೆ ಕೂರ್ತವೆ. ಅದರ ಬದಲು ಎಷ್ಟು ಮನೆ ಇದೆ ಅನ್ನೋದನ್ನೇ ಸುಳಿವು ಅಂತ ನೋಡೋದು ಕಲೀರಿ. ಅಮೆರಿಕದ ಐದು ದೊಡ್ಡ ಸರೋವರಗಳಲ್ಲಿ ನಾಲ್ಕಕ್ಷರದ್ದು ಈರಿ ಒಂದೇ. ಸ್ಕ್ಯಾಂಡಿನೇವಿಯಾದ ರಾಜಧಾನಿ, ನಾಲ್ಕು ಮನೆ ಅಂದ್ರೆ ಓಸ್ಲೋ ಬಿಟ್ರೆ ಇನ್ನೊಂದಿಲ್ಲ, ಯೋಚನೆನೇ ಮಾಡಬೇಡಿ.

ಎಡವೋದು ಎಲ್ಲಿ ಅಂದ್ರೆ ಜೋಡಿಗಳಲ್ಲಿ. ಕತ್ತಿವರಸೆ ಕತ್ತಿ, ನಾಲ್ಕಕ್ಷರ, ಎಪೇನೂ (EPEE) ಆಗಬಹುದು ಫಾಯಿಲ್ಲೂ (FOIL) ಆಗಬಹುದು. ಅಂಥ ಕಡೆ ಪೆನ್ನು ಎತ್ತಿಟ್ಟು ಎರಡನೇ ಮನೆಗೆ ಅಡ್ಡ ಬರೋ ಪದ ಬಿಡಿಸಿ, ಪಿ ಬಂದ್ರೆ ಎಪೇ, ಓ ಬಂದ್ರೆ ಫಾಯಿಲ್. ಇನ್ನೊಂದು ನಂಗೆ ಭಾಳ ಇಷ್ಟ ಆಗಿದ್ದು, ಹವಾಯಿ ಜ್ವಾಲಾಮುಖಿ, ಮೌನಾ ಆದ್ಮೇಲೆ ಮೂರು ಖಾಲಿ ಮನೆ ಅಂತ ಬರುತ್ತೆ. ಲೋವಾನೂ ಇದೆ ಕೇಯಾನೂ ಇದೆ, ಯಾವುದಾದ್ರೂ ಕೊನೇ ಅಕ್ಷರ ಎ, ಅದೊಂದನ್ನ ಧೈರ್ಯವಾಗಿ ಬರೆದು ಮುಂದೆ ಹೋಗ್ತಾ ಇರಿ.

ಸುಳಿವಿನ ವ್ಯಾಕರಣನೂ ಅಷ್ಟೇ ಮುಖ್ಯ. ಸುಳಿವು ಬಹುವಚನ ಆದ್ರೆ ಉತ್ತರನೂ ಬಹುವಚನ, ಭೂತಕಾಲ ಆದ್ರೆ ಭೂತಕಾಲ. ಸುಳಿವಲ್ಲಿ ಸಂಕ್ಷಿಪ್ತ ರೂಪ ಕಂಡ್ರೆ ಉತ್ತರನೂ ಸಂಕ್ಷಿಪ್ತ. ಕೊನೇಲಿ ಪ್ರಶ್ನಾರ್ಥಕ ಚಿಹ್ನೆ ಇದ್ರೆ ಏನೋ ಕೀಟಲೆ ಇದೆ ಅಂತ. ಪ್ಯಾರಿಸ್, ನೀಸ್ ಅಂತ ಊರಿನ ಹೆಸರು ನುಸುಳಿದ್ರೆ ಫ್ರೆಂಚ್ ಪದ ಕೇಳ್ತಿದಾರೆ, ಗೆಳೆಯನಿಗೆ ಅಮಿ, ಬೇಸಿಗೆಗೆ ಎತೇ. ಅಂದಹಾಗೆ ನಮಗೆ ಪುಕ್ಕಟೆ ಸಿಗೋವೂ ಇದಾವೆ: ಆಗ್ರಾ, ರಾಣಿ, ಸೀರೆ ಅನ್ನೋ ಅರ್ಥದ ಸಾರಿ, ಹಳೇ ನಾಣ್ಯ ಅಂದ್ರೆ ಆಣೆ. ಅಮೆರಿಕದೋರು ಇದಕ್ಕೆ ತಲೆ ಕೆರ್ಕೊಳ್ತಿರ್ತಾರೆ ಅನ್ನೋದೇ ಒಂದು ಖುಷಿ.

ಮೂಲೆಮನೆ:
ನಂಗೇನೋ ಈ ಎಟ್ವೀ, ಅರ್ನ್ ಎಲ್ಲ ಸೋಮಾರಿತನ ಅನ್ಸುತ್ತೆ. ಒಂದು ಬಂದ್ರೆ ಸಹಿಸ್ಕೋಬಹುದು. ಆದ್ರೆ ಎರಡು ಗೊತ್ತಿಲ್ಲದ ಹೆಸರುಗಳನ್ನ ಒಂದೇ ಚೌಕದಲ್ಲಿ ಅಡ್ಡಹಾಯಿಸಿ ಬಿಡ್ತಾರಲ್ಲ, ಅಲ್ಲಿ ಬುದ್ಧಿಗೆ ಕೆಲಸ ಇಲ್ಲ, ಬರೀ ಊಹೆ. ಅಮೆರಿಕದ ಪಜಲ್ ಮಂದಿ ಇದಕ್ಕೆ ನೇಟಿಕ್ ಅಂತ ಹೆಸರೇ ಇಟ್ಟಿದಾರೆ, ಮ್ಯಾಸಚೂಸೆಟ್ಸ್‌ನ ಒಂದು ಊರು ಅದು, ಹೀಗೇ ಒಂದು ಪಜಲ್‌ನಲ್ಲಿ ಜನಕ್ಕೆ ಕೈಕೊಟ್ಟಿತ್ತು. 1993ರಲ್ಲಿ ವಿಲ್ ಶಾರ್ಟ್ಸ್ ನ್ಯೂಯಾರ್ಕ್ ಟೈಮ್ಸ್ ಪಜಲ್ ಎಡಿಟರ್ ಆದ್ಮೇಲೆ ನಿಘಂಟಿನ ಧೂಳು ಹಿಡಿದ ಪದ ಕಮ್ಮಿಯಾದ್ವು, ನಿಜ, ಆ ಜಾಗಕ್ಕೆ ಸಂಗೀತಗಾರ ಬ್ರಯನ್ ಈನೋ, ಯೋಕೋ ಓನೋ, ನಟಿ ಇಸಾ ರೇ ಅಂತ ಸೆಲೆಬ್ರಿಟಿಗಳು ಬಂದು ಕೂತ್ರು. ಸ್ವರ ಮಾತ್ರ ಅವೇ!

ಖಗರಾಜ:
ಬ್ರಿಟಿಷ್ ಕ್ರಿಪ್ಟಿಕ್‌ನಲ್ಲಿ, ಅಂದ್ರೆ ಸುಳಿವೇ ಒಗಟಾಗಿರೋ ಕ್ರಾಸ್‌ವರ್ಡ್‌ನಲ್ಲಿ, ಈ ತೊಂದ್ರೆ ಅಷ್ಟಿಲ್ಲ, ಅಲ್ಲಿ ಸುಮಾರು ಅರ್ಧ ಮನೆಗಳಿಗೆ ಅಡ್ಡಪದನೇ ಇರಲ್ಲ. ಅಲ್ಲಿ ಚಿಕ್ಕ ಪದಗಳು ಸುಳಿವಿನ ಹೊಟ್ಟೆಯೊಳಗೆ ಅಡಗಿರ್ತವೆ, ನಾವಿಕ ಅಂದ್ರೆ ಟಾರ್, ಕೆಲಸಗಾರ ಅಂದ್ರೆ ಆಂಟ್, ಅಂದ್ರೆ ಇರುವೆ, ಹೀಗೆ.

ಆದ್ರೆ ನಮ್ಮ ಪದಬಂಧ ಏನು ಕಮ್ಮಿನಾ? ನಮ್ಮಲ್ಲಿ ಒಂದು ಮನೆಗೆ ಇಡೀ ಅಕ್ಷರ, ಗುಣಿತ ಒತ್ತು ಎಲ್ಲ ಸೇರಿ. ಅಡ್ಡದಲ್ಲಿ ಕಿ ಇದ್ರೆ ಉದ್ದದಲ್ಲೂ ಕಿ ನೇ ಬೇಕು, ಕೀ ಬಂದ್ರೆ ನಡೆಯಲ್ಲ. ಅದಕ್ಕೇ ಗುಣಿತದ ರಗಳೆ ಇಲ್ಲದ ಪದಗಳ ಮೇಲೆ ಪದಬಂಧ ಮಾಡೋರಿಗೆ ಅಷ್ಟು ಪ್ರೀತಿ. ಕಮಲ, ಗಗನ, ನಯನ, ಕನಕ, ಅನಲ. ಎರಡು ಮನೆಗಾದ್ರೆ ಅಜ, ನಗ, ಖಗ, ಇಭ. ಆನೆಗೆ ಎರಡಕ್ಷರ ಅಂದ್ರೆ ಇಭನೋ ಗಜನೋ ಕರಿನೋ ಅಂತ ಒದ್ದಾಡದೋರು ಯಾರಿದಾರೆ ಹೇಳಿ, ಪದಬಂಧದ ಹೊರಗೆ ಯಾರಾದ್ರೂ ಆನೆ ನೋಡಿ ಇಭ ಬಂತು ಅಂದಿದಾರಾ?

ಖಾಲಿಚೌಕ:
ಹಹಾ, ಇಭ ನೆನಪಿಸಿದ್ರಿ, ಎಟ್ವೀ ಮೇಲಿನ ಸಿಟ್ಟು ಅರ್ಧ ಇಳೀತು. ಮೌನಾ ಉಪಾಯ ಇವತ್ತೇ ಪ್ರಯೋಗ ಮಾಡ್ತೀನಿ. ಇನ್ನೊಂದು ಡೌಟು, ಆ ಆಟ್, ಆರ್ ಇಬ್ರೂ ಮೂರಕ್ಷರ ಅಲ್ವಾ, ಹೆಂಗೆ ಬೇರೆ ಮಾಡೋದು?

ಪೆನ್ಸಿಲ್_ರಬ್ಬರ್:
ಸುಲಭ. ಬೇಸ್‌ಬಾಲ್, ಜೈಂಟ್ಸ್, 511 ಹೋಮ್‌ರನ್ ಅಂದ್ರೆ ಆಟ್. ಐಸ್ ಹಾಕಿ, ಬಾಸ್ಟನ್, ನಾಲ್ಕನೇ ನಂಬರ್ ಜೆರ್ಸಿ ಅಂದ್ರೆ ಆರ್. ಎರಡಕ್ಕೂ ಮೊದಲಕ್ಷರ ಓ ಬರ್ಕೊಂಬಿಡಿ.