ಅಪ್‌ಡೇಟ್: ಕಟ್ಟಿದ ಜೀವನಾಂಶ ವಾಪಸ್ ಸಿಗುತ್ತದಾ ಎಂದು ಕೇಳಿದ್ದೆ

ಮದುವೆಯಾದ ಮೇಲೆ ಹುಟ್ಟಿದ ಮಗು ನನ್ನದಲ್ಲ ಎಂದು ಕೋರ್ಟ್ ಮಾಡಿಸಿದ ಡಿಎನ್‌ಎ ಪರೀಕ್ಷೆಯಲ್ಲಿ ಗೊತ್ತಾಯಿತು, ನಾಲ್ಕು ವರ್ಷ ತಿಂಗಳಿಗೆ 6,000 ರೂಪಾಯಿ ಕಟ್ಟಿದ್ದೇನೆ, ವಾಪಸ್ ಪಡೆಯಬಹುದಾ ಎಂದು ಕೇಳಿದ್ದೆ. ತುಂಬಾ ಜನ ಪ್ರೀತಿಯಿಂದ ಉತ್ತರ ಬರೆದಿರಿ. ಮುಂದೇನಾಯಿತು ಎಂದು ಹೇಳಲೇಬೇಕು.

ಉಡುಪಿಯಲ್ಲಿ ವಕೀಲರನ್ನು ಕಂಡೆ. ಅವರು 2014ರ ಸುಪ್ರೀಂ ಕೋರ್ಟ್ ತೀರ್ಪೊಂದನ್ನು ಮುಂದಿಟ್ಟರು. ಮದುವೆಯಲ್ಲಿ ಹುಟ್ಟಿದ ಮಗು ಗಂಡನದೇ ಎಂದು ಕಾನೂನು ನಂಬುತ್ತದೆ. ಆದರೆ ಡಿಎನ್‌ಎ ಬೇರೆ ಹೇಳಿದರೆ ಅದಕ್ಕೇ ಬೆಲೆ ಎಂದಿತ್ತು ಆ ತೀರ್ಪು. ಓದಿ ಸಮಾಧಾನವಾಯಿತು. ಆಮೇಲೆ ವಕೀಲರು ಕೊನೆಯ ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದರು: ಈಗಾಗಲೇ ಕೊಟ್ಟ ಹಣವನ್ನು ವಸೂಲಿ ಮಾಡುವಂತಿಲ್ಲ.

ಹಾಗಾಗಿ ಹಳೆಯ ಹಣದ ಆಸೆ ಬಿಟ್ಟೆ. ಮುಂದಿನದ್ದು ರದ್ದಾಗಲಿ ಎಂದು ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) 146ನೇ ಸೆಕ್ಷನ್ ಅಡಿ ಅರ್ಜಿ ಹಾಕಿದ್ದೇವೆ. ಆದೇಶ ಬರುವ ತನಕ ಕಟ್ಟುತ್ತಿದ್ದೇನೆ. ಸುಮ್ನೆ ನಿಲ್ಲಿಸಿದರೆ ಬಾಕಿಗೆ ವಾರಂಟ್ ಬರಬಹುದು, ಜಾಗ್ರತೆ.

ಇನ್ನೊಂದು ಮಾತು. ಅನುಮಾನ ಇದೆ ಅಂದ ಮಾತ್ರಕ್ಕೆ ಕೋರ್ಟ್ ಡಿಎನ್‌ಎ ಪರೀಕ್ಷೆಗೆ ಒಪ್ಪುವುದಿಲ್ಲ. ಗರ್ಭ ನಿಂತ ಸಮಯದಲ್ಲಿ ಗಂಡ ಹೆಂಡತಿ ಒಟ್ಟಿಗೆ ಇರಲು ಸಾಧ್ಯವೇ ಇರಲಿಲ್ಲ ಎಂದು ತೋರಿಸಬೇಕು. ನಾನು ಆಗ ಮಸ್ಕತ್‌ನಲ್ಲಿ ಕೆಲಸದಲ್ಲಿದ್ದೆ. ಪಾಸ್‌ಪೋರ್ಟಿನ ಸೀಲುಗಳೇ ಸಾಕ್ಷಿಯಾದವು.

ಕೋರ್ಟಿನ ಕಳೆದ ತಾರೀಕಿಗೆ ಹೆಂಡತಿಯ ಅಮ್ಮ ಮಗುವನ್ನೂ ಕರೆತಂದಿದ್ದರು. ವರಾಂಡದಲ್ಲಿ ಅವನು ಓಡಿ ಬಂದು ನನ್ನ ಕಿರುಬೆರಳು ಹಿಡಿದ. ಕೈಯೆಲ್ಲ ಬಿಸ್ಕತ್ತಿನ ಪುಡಿ. "ಪಪ್ಪಾ, ಮನೆಗೆ ಯಾವಾಗ ಬರುವುದು?" ಎಂದ. ಬೆರಳು ಬಿಡಿಸಿಕೊಳ್ಳಲು ನನಗೆ ಮನಸ್ಸೇ ಬರಲಿಲ್ಲ.