ಬಾಡಿಗೆ ಮನೇಲಿ ಎಣ್ಣೆ ಸ್ನಾನ, ಒಡೆದ ಹಿಮ್ಮಡಿ, ಉದುರೋ ಕೂದಲು: ಕಡಿಮೆ ಖರ್ಚಲ್ಲಿ ಏನ್ ಮಾಡ್ಬೋದು?

ಪೀಣ್ಯ_ಸೆಕೆಂಡ್_ಸ್ಟೇಜ್

ಎಲ್ರಿಗೂ ನಮಸ್ಕಾರ. ನಾನು ಪೀಣ್ಯದ ಹತ್ರ ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಸೆಕ್ಷನ್‌ನಲ್ಲಿ ಇದೀನಿ, ಬೆಳಗ್ಗಿಂದ ಸಂಜೆವರೆಗೂ ನಿಂತೇ ಕೆಲಸ, ಮನೆಗ್ ಬರೋ ಹೊತ್ತಿಗೆ ಕಾಲು ಊದ್ಕೊಂಡಿರುತ್ತೆ, ಹಿಮ್ಮಡಿ ಒಡೆದು ಸೀರೆ ಅಂಚಿಗೆ ಸಿಕ್ಕಾಕೊಳ್ಳುತ್ತೆ. ಮನೆಗೆ ಬೋರ್ ನೀರು, ತಲೆ ತೊಳೆದ್ರೆ ಕೂದಲು ಪೊರಕೆ ಥರ ಆಗುತ್ತೆ, ಬಾಚಿದ್ರೆ ಬಾಚಣಿಗೆ ತುಂಬಾ ಕೂದಲು. ಊರಲ್ಲಿದ್ದಾಗ ಅಮ್ಮ ವಾರಕ್ಕೊಂದ್ಸಲ ಎಣ್ಣೆ ಹಚ್ಚಿ ಹಂಡೆ ನೀರಲ್ಲಿ ತಲೆಗೆ ಹಾಕೋರು, ಇಲ್ಲಿ ಬಚ್ಚಲು ಅಂದ್ರೆ ಒಬ್ರು ನಿಲ್ಲೋ ಜಾಗ, ರಜ ಭಾನುವಾರ ಮಾತ್ರ. ಪಾರ್ಲರ್‌ಗೆ ಹೋಗೋ ದುಡ್ಡಿಲ್ಲ, ತಿಂಗಳಿಗೆ ಇನ್ನೂರು ಮುನ್ನೂರರ ಒಳಗೆ ಏನಾಗುತ್ತೋ ಅಷ್ಟೇ. ಫೋನಲ್ಲಿ ನೋಡಿದ್ರೆ ಒಬ್ರು ಮುಖಕ್ಕೆ ನಿಂಬೆಹಣ್ಣು ಉಜ್ಜಿ ಅಂತಾರೆ, ಇನ್ನೊಬ್ರು ಅಡಿಗೆ ಸೋಡ ಅಂತಾರೆ, ಯಾವುದನ್ನ ನಂಬೋದು ಗೊತ್ತಾಗ್ತಿಲ್ಲ. ನಿಮ್ಮನೇಲಿ ನಿಜವಾಗ್ಲೂ ಮಾಡೋದು ಏನಿದ್ರೂ ಹೇಳಿ, ಅಳತೆ ಸಮೇತ ಹೇಳಿದ್ರೆ ಉಪಕಾರ.

ಶಿರಸಿ_ಬಚ್ಚಲೊಲೆ

ಅಕ್ಕ, ಭಾನುವಾರ ಒಂದಿನ ಸಿಕ್ಕಿದ್ರೂ ಸಾಕು, ಎಣ್ಣೆ ಸ್ನಾನಕ್ಕೆ ಹಂಡೆ ಬಚ್ಚಲೊಲೆ ಇರ್ಲೇಬೇಕು ಅಂತಿಲ್ಲ, ಒಂದ್ ಬಕೆಟ್ ಬಿಸಿನೀರಲ್ಲಿ ಚೆನ್ನಾಗೇ ಆಗುತ್ತೆ.

ತಲೆಗೆ ಎರಡ್ಮೂರು ಚಮಚ ಕೊಬ್ಬರಿ ಎಣ್ಣೆ, ಮೈಗೆ ಎಳ್ಳೆಣ್ಣೆ, ಎರಡನ್ನೂ ಬಟ್ಟಲಲ್ಲಿ ಹಾಕಿ ಆ ಬಟ್ಟಲನ್ನ ಬಿಸಿನೀರಲ್ಲಿ ಇಟ್ರೆ ಉಗುರುಬೆಚ್ಚಗೆ ಆಗುತ್ತೆ, ನೇರ ಒಲೆ ಮೇಲೆ ಕಾಯಿಸೋದು ಬೇಡ. ಹರಳೆಣ್ಣೆ ತಂಪು ಅಂತ ಹೇಳ್ತಾರೆ, ಆದ್ರೆ ಅದೊಂದನ್ನೇ ಹಚ್ಚಬೇಡಿ, ಜಿಗುಟು ಜಾಸ್ತಿ, ಉದ್ದ ಕೂದಲಿಗೆ ಹಾಕಿ ಗಸಗಸ ಉಜ್ಜಿದ್ರೆ ಗಂಟು ಬಿದ್ದು ಬಿಡಿಸೋಕ್ಕೇ ಆಗಲ್ಲ. ಬೇಕಿದ್ರೆ ಕೊಬ್ಬರಿ ಎಣ್ಣೆಗೆ ಕಾಲು ಭಾಗ ಸೇರಿಸ್ಕೊಳ್ಳಿ. ಬೆರಳ ತುದೀಲಿ ಬುಡಕ್ಕೆ ಹಚ್ಚಿ ಅರ್ಧ ಮುಕ್ಕಾಲು ಗಂಟೆ ಬಿಡಿ, ಅಷ್ಟ್ರಲ್ಲಿ ಮನೆ ಕೆಲಸ ಮುಗಿಸ್ಕೊಳ್ಬೋದು.

ಬೋರ್ ನೀರಿನ ವಿಷಯಕ್ಕೆ ಬರೋದಾದ್ರೆ ನಿಮಗೆ ಸೀಗೆಕಾಯೇ ಸರಿ. ಗಡಸು ನೀರಲ್ಲಿರೋ ಸುಣ್ಣದ ಅಂಶ ಸೋಪಿನ ಜೊತೆ ಸೇರಿದ್ರೆ ಬಿಳಿ ಕಸ ಥರ ಆಗಿ ಕೂದಲಿಗೆ ಹತ್ತಿಕೊಳ್ಳುತ್ತೆ, ಅದಕ್ಕೇ ಪೊರಕೆ ಥರ ಆಗೋದು. ಸೀಗೆ, ಅಂಟುವಾಳದ ನೊರೆ ಬೇರೆ ಜಾತಿ, ಆ ಕಸ ಕಟ್ಟಲ್ಲ. ಗ್ರಂಧಿಗೆ ಅಂಗಡೀಲಿ ಸೀಗೆಕಾಯಿ ಕಾಲು ಕೆಜಿ, ಅಂಟುವಾಳ 100 ಗ್ರಾಂ, ಮೆಂತ್ಯ 50 ಗ್ರಾಂ ತಗೊಳ್ಳಿ. ಅಂಟುವಾಳದ ಬೀಜ ತೆಗೆದು ಎಲ್ಲಾನೂ ಬಿಸಿಲಲ್ಲಿ ಗರಿಗರಿ ಒಣಗಿಸಿ ಮಿಲ್ಲಿಗೆ ಕೊಡಿ, ಆದ್ರೆ ಸೀಗೆಕಾಯಿ ಹಾಕ್ತಾರಾ ಅಂತ ಮೊದ್ಲೇ ಕೇಳಿ, ರಾಗಿ ಬೀಸೋ ಮೆಷಿನ್‌ಗೆ ಹಾಕಲ್ಲ, ಅದಕ್ಕೆ ಬೇರೆ ಇರುತ್ತೆ. ಒಣಗಿದ ಡಬ್ಬೀಲಿ ಇಟ್ರೆ ತಿಂಗಳುಗಟ್ಟಲೆ ಬರುತ್ತೆ, ನೀರಲ್ಲಿ ಕಲಸಿದ್ದು ಮಾತ್ರ ಅವತ್ತೇ ಮುಗಿಸ್ಬೇಕು. ಕಣ್ಣಿಗೆ ಬಿದ್ರೆ ಬೆಂಕಿ ಬಿದ್ದಂಗೆ ಉರಿಯುತ್ತೆ, ಹುಷಾರು.

ಎಣ್ಣೆ ಹಚ್ಚದ ದಿನ ತಲೆ ತೊಳೆಯೋಕ್ಕೆ ನಮ್ಮ ಕಡೆ ದಾಸವಾಳ ಸೊಪ್ಪು. ಎರಡು ಹಿಡಿ ಎಲೆ ನೀರಲ್ಲಿ ಚೆನ್ನಾಗಿ ಕಿವುಚಿ ಸೋಸಿದ್ರೆ ಲೋಳೆ ಬರುತ್ತೆ, ಅದನ್ನ ತಲೆಗೆ ಹಚ್ಚಿ ತೊಳೆದ್ರೆ ಕೂದಲು ಮೆತ್ತಗೆ. ಪಕ್ಕದ ಮನೆ ಗೇಟ್ ಹತ್ರ ಗಿಡ ಇದ್ರೆ ಕೇಳಿ, ಯಾರೂ ಇಲ್ಲ ಅನ್ನಲ್ಲ.

ಹಿಮ್ಮಡಿಗೆ ನಮ್ಮ ಉತ್ತರ ಕನ್ನಡದಲ್ಲಿ ಇರೋದು ಮುರುಗಲು (ಕೋಕಂ) ತುಪ್ಪ. ಮುರುಗಲು ಹಣ್ಣಿನ ಬೀಜದ ಒಳಗಿಂದ ತೆಗೆಯೋದು, ಬೀಜ ಕುಟ್ಟಿ ನೀರಲ್ಲಿ ಕುದಿಸಿದ್ರೆ ಮೇಲೆ ಎಣ್ಣೆ ತೇಲುತ್ತೆ, ಆರಿದ್ಮೇಲೆ ಗಟ್ಟಿ ಮೇಣದ ಥರ ಆಗುತ್ತೆ, ಕೈಗೆ ಹಾಕಿ ಉಜ್ಜಿದ್ರೆ ಕರಗುತ್ತೆ. ಶಿರಸಿ, ಕುಮಟಾ ಕಡೆಯೋರು ಯಾರಾದ್ರೂ ಗೊತ್ತಿದ್ರೆ ತರಿಸ್ಕೊಳ್ಳಿ, ಒಂದ್ ಸಣ್ಣ ಉಂಡೆ ಇಡೀ ಚಳಿಗಾಲ ಬರುತ್ತೆ. ತುಟಿ ಒಡೆದ್ರೂ ಅದೇ. ರಾತ್ರಿ ಕಾಲು ಹತ್ತು ನಿಮಿಷ ಬೆಚ್ಚಗಿನ ನೀರಲ್ಲಿಟ್ಟು, ಒರೆಸಿ, ಇನ್ನೂ ಸ್ವಲ್ಪ ಪಸೆ ಇರುವಾಗ್ಲೇ ಹಚ್ಚಿ ಹಳೇ ಕಾಟನ್ ಸಾಕ್ಸ್ ಹಾಕಿ ಮಲಗಿ. ಸಿಗ್ಲಿಲ್ಲ ಅಂದ್ರೆ ಮೆಡಿಕಲ್ಸ್‌ನಲ್ಲಿ ಸಿಗೋ ಪೆಟ್ರೋಲಿಯಂ ಜೆಲ್ಲಿನೇ ಸಾಕು, ನಾಟಿ ಅಲ್ಲ ಅಂತ ಬಿಡಬೇಡಿ, ಕೆಲಸ ಚೆನ್ನಾಗೇ ಮಾಡುತ್ತೆ.

ಧಾರವಾಡ_ಮಂದಿ

ಅಕ್ಕಾರ, ಮ್ಯಾಲಿನವರು ಹೇಳಿದ್ದು ಖರೇನ ಐತ್ರಿ. ಒಂದ ಮಾತು ಸೇರಸ್ತೀನಿ, ಸಣ್ಣ ಬಚ್ಚಲದಾಗ ಎಣ್ಣಿ ಬಿತ್ತಂದ್ರ ಜಾರತೈತಿ, ಮನ್ಯಾಗ ವಯಸ್ಸಾದವರು ಇದ್ರ ಭಾಳ ಜ್ವಾಕಿ. ಮೈಗೆ ಹಚ್ಚಿದ ಎಣ್ಣಿ ಕಡ್ಲಿ ಹಿಟ್ಟು ಇಲ್ಲಾ ಹೆಸರ ಹಿಟ್ಟು ಹಚ್ಚಿ ತಿಕ್ಕಿ ತಗೀರಿ, ಜಳಕ ಆದ ಕೂಡ್ಲೆ ಬಚ್ಚಲಕ್ಕ ಸೀಗಿ ಪುಡಿ ಉದುರಿಸಿ ಬ್ರಷ್‌ಲೆ ತಿಕ್ಕಿ ಬಿಸಿನೀರು ಹೊಡೀರಿ. ಕಿವ್ಯಾಗ ಮೂಗಿನ್ಯಾಗ ಎಣ್ಣಿ ಬಿಡೂದು ಬ್ಯಾಡ್ರಿ, ಸಣ್ಣ ಹುಡುಗ್ರಿಗಂತೂ ಬ್ಯಾಡೇ ಬ್ಯಾಡ.

ನೈಟ್_ಡ್ಯೂಟಿ_ಸಿಸ್ಟರ್

ನಾನು ನರ್ಸ್ ಆಗಿರೋದ್ರಿಂದ ಬೇರೆ ಕಡೆಯಿಂದ ಹೇಳ್ತೀನಿ, ಎಣ್ಣೆ ಸ್ನಾನ ಬೇಡ ಅಂತಲ್ಲ, ಮೈಗೆ ಮನಸ್ಸಿಗೆ ಎರಡಕ್ಕೂ ಒಳ್ಳೇದೇ, ನಮ್ಮನೇಲೂ ದೀಪಾವಳೀಲಿ ನೀರು ತುಂಬೋ ಹಬ್ಬದ ಮಾರನೇ ದಿನ ಬೆಳಗಿನ ಜಾವ ತಪ್ಪಿಸಲ್ಲ. ಆದ್ರೆ ಬಾಚಣಿಗೆ ತುಂಬಾ ಕೂದಲು ಬರ್ತಿದೆ ಅಂದ್ರಲ್ಲ, ಅದು ಎಣ್ಣೆಯಿಂದ ನಿಲ್ಲುತ್ತೆ ಅಂತ ಕಾಯ್ತಾ ಕೂರಬೇಡಿ. ಹೆಣ್ಮಕ್ಕಳಲ್ಲಿ ರಕ್ತ ಕಮ್ಮಿ ಇದ್ರೂ, ಥೈರಾಯ್ಡ್ ಇದ್ರೂ ಹೀಗೇ ಉದುರುತ್ತೆ. ಗರ್ಭಿಣಿ ಅಲ್ಲದವರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಮ್ಮಿ ಇದ್ರೆ ರಕ್ತಹೀನತೆ ಅಂತ ಲೆಕ್ಕ. ನಿಮ್ಮ ತಿಂಗಳ ಸಂಬಳ 21,000ದ ಒಳಗಿದ್ರೆ ಇಎಸ್ಐ, ಅಂದ್ರೆ ಕೆಲಸಗಾರರ ಆರೋಗ್ಯ ವಿಮೆ, ಕಟ್ ಆಗ್ತಿರುತ್ತೆ, ಸ್ಲಿಪ್ ನೋಡಿ, ಇಎಸ್ಐ ಡಿಸ್ಪೆನ್ಸರೀಲಿ ತೋರಿಸ್ಬೋದು. ನಿಮ್ಮ ದುಡ್ಡೇ ಅದು, ಬಳಸ್ಕೊಳ್ಳಿ.

ತಲೆ ಹೊಟ್ಟು ಇದ್ರೆ ಎಣ್ಣೆ ಹಚ್ಚಿ ರಾತ್ರಿಯೆಲ್ಲಾ ಬಿಡಬೇಡಿ, ಹೊಟ್ಟಿನ ಜೊತೆ ಬೆಳೆಯೋ ಫಂಗಸ್‌ಗೆ ಜಿಡ್ಡೇ ಊಟ. ಆಗ ಮೆಡಿಕಲ್ಸ್‌ನಲ್ಲಿ ಕೀಟೋಕೊನಜೋಲ್ ಶಾಂಪೂ ಕೇಳಿ.

ನಿಂಬೆಹಣ್ಣು ಮುಖಕ್ಕೆ ಖಂಡಿತ ಬೇಡ. ಆ ರಸ ಚರ್ಮದ ಮೇಲಿರುವಾಗ ಬಿಸಿಲಿಗೆ ಹೋದ್ರೆ ಸುಟ್ಟ ಹಾಗೆ ಗುಳ್ಳೆ ಎದ್ದು ಕಪ್ಪು ಕಲೆ ಉಳಿಯುತ್ತೆ, ತಿಂಗಳಾದ್ರೂ ಹೋಗಲ್ಲ. ಅಡಿಗೆ ಸೋಡ ಕ್ಷಾರ, ನಮ್ಮ ಚರ್ಮದ ಗುಣ ಸ್ವಲ್ಪ ಆಮ್ಲ, ಉಜ್ಜಿ ಉಜ್ಜಿ ಮೇಲಿನ ಪದರಾನೇ ಹಾಳಾಗುತ್ತೆ. ನಿಂಬೆಹಣ್ಣನ್ನ ಸೊಪ್ಪಿನ ಪಲ್ಯಕ್ಕೆ ಹಿಂಡಿ, ನುಗ್ಗೆಸೊಪ್ಪು, ದಂಟು, ಮೆಂತ್ಯ ಯಾವುದಾದ್ರೂ ಸರಿ, ಸೊಪ್ಪಿನ ಕಬ್ಬಿಣ ಮೈಗೆ ಹತ್ತೋಕ್ಕೆ ಆ ಹುಳಿ ಸಹಾಯ ಮಾಡುತ್ತೆ. ಊಟದ ಜೊತೇಲೇ ಟೀ ಕುಡಿದ್ರೆ ಉಲ್ಟಾ ಆಗುತ್ತೆ, ಒಂದ್ ಗಂಟೆ ಗ್ಯಾಪ್ ಕೊಡಿ. ಗಾರ್ಮೆಂಟ್ಸ್‌ನಲ್ಲಿ ಬ್ರೇಕ್ ಕಮ್ಮಿ ಅಂತ ಗೊತ್ತು, ಆದ್ರೂ ಮಧ್ಯಾಹ್ನದ ಟೀ ಸ್ವಲ್ಪ ಮುಂದಕ್ಕೆ ಹಾಕೋಕ್ಕೆ ನೋಡಿ.

ಊದ್ಕೊಂಡ ಕಾಲಿಗೆ ಒಂದ್ ಪೈಸೆ ಖರ್ಚಿಲ್ಲದ್ದು, ಮನೆಗ್ ಬಂದ ತಕ್ಷಣ ನೆಲದ ಮೇಲೆ ಮಲಗಿ ಎರಡೂ ಕಾಲನ್ನ ಗೋಡೆಗೆ ಎತ್ತಿ ಹತ್ತು ಹದಿನೈದು ನಿಮಿಷ ಇಡಿ. ಕೆಲಸದಲ್ಲಿ ನಿಂತಲ್ಲೇ ಆಗಾಗ ಹಿಮ್ಮಡಿ ಮೇಲೆ ಕೆಳಗೆ ಮಾಡ್ತಿರಿ, ಮೀನಖಂಡ ಹಿಂಡಿದಷ್ಟೂ ರಕ್ತ ಮೇಲಕ್ಕೆ ಹೋಗುತ್ತೆ. ಒಂದೇ ಕಾಲು ಊದ್ಕೊಂಡು ನೋವಿದ್ರೆ, ಕೆಂಪಗೆ ಬಿಸಿಯಾಗಿದ್ರೆ ಮಾತ್ರ ಮನೆಮದ್ದು ಬೇಡ, ತಕ್ಷಣ ಆಸ್ಪತ್ರೆಗೆ.

ಪೀಣ್ಯ_ಸೆಕೆಂಡ್_ಸ್ಟೇಜ್

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟೊಂದು ಬಿಡಿಸಿ ಹೇಳಿದ್ರಲ್ಲ. ಸ್ಲಿಪ್ ನೋಡ್ದೆ, ಇಎಸ್ಐ ಕಟ್ ಆಗ್ತಾನೇ ಇದೆ. ಇನ್ನೊಂದ್ ಕೇಳ್ಬೇಕಿತ್ತು ಸಿಸ್ಟರ್, ನಮ್ಮತ್ತೆಗೆ ಸಕ್ಕರೆ ಕಾಯಿಲೆ, ಅವ್ರ ಹಿಮ್ಮಡೀನೂ ಒಡೆದಿದೆ, ಅವ್ರಿಗೂ ಬಿಸಿನೀರಲ್ಲಿ ಕಾಲಿಡಿಸ್ಬೋದಾ?

ನೈಟ್_ಡ್ಯೂಟಿ_ಸಿಸ್ಟರ್

ಬೇಡ, ಅವ್ರಿಗೆ ನೆನೆಸೋದೇ ಬೇಡ. ಶುಗರ್ ಇರೋರಿಗೆ ಕಾಲು ಮರಗಟ್ಟಿ ನೀರು ಎಷ್ಟು ಬಿಸಿ ಇದೆ ಅಂತಾನೇ ಗೊತ್ತಾಗಲ್ಲ, ಬೊಬ್ಬೆ ಬಂದ್ಮೇಲೆ ನೋಡ್ತಾರೆ. ತೊಳೆಯೋ ನೀರನ್ನ ನೀವು ಮೊಣಕೈ ಅದ್ದಿ ನೋಡಿ ಕೊಡಿ, ತೊಳೆದ್ಮೇಲೆ ಬೆರಳ ಸಂದೀನೂ ಒರೆಸಿ, ಎಣ್ಣೆ ಕ್ರೀಮು ಏನಿದ್ರೂ ಹಿಮ್ಮಡಿ, ಪಾದಕ್ಕೆ ಮಾತ್ರ, ಸಂದೀಲಿ ಪಸೆ ನಿಂತ್ರೆ ಕೊಳೆಯುತ್ತೆ. ಗಟ್ಟಿ ಚರ್ಮನ ಬ್ಲೇಡಲ್ಲಿ ಕೆರೆಯೋಕ್ಕೆ ಬಿಡಬೇಡಿ. ದಿನಾ ರಾತ್ರಿ ಅಂಗಾಲು ನೀವೇ ನೋಡಿ, ಅವ್ರಿಗೆ ಬಗ್ಗಿ ನೋಡೋಕ್ಕಾಗಲ್ಲ. ಬಿರುಕು ಆಳವಾಗಿ ರಕ್ತ ಬರ್ತಿದ್ರೆ, ಚಿಕ್ಕ ಗಾಯ ಕಂಡ್ರೂ ನೋವಿಲ್ಲ ಅಂತ ಸುಮ್ನಿರಬೇಡಿ, ಅವತ್ತೇ ತೋರಿಸಿ. ನಿಮ್ಮ ಇಎಸ್ಐ ಕಾರ್ಡಲ್ಲಿ ಅತ್ತೆ ಹೆಸ್ರು ಸೇರುತ್ತಾ ಅಂತ ಡಿಸ್ಪೆನ್ಸರೀಲಿ ವಿಚಾರಿಸಿ, ಆಗಲ್ಲ ಅಂದ್ರೆ ಹತ್ರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡ್ ಹೋಗಿ.